ಕೊನೆಯ ಹಲ್ಲುಚಕ್ರ

ಚಾರ್ಜರಿನ ಪಿನ್ನು ಒಳಗೆ ಹೋಗಲೊಲ್ಲದು. ಹೋಗಬೇಕಾದ ತೂತು ಇದೇ. ಕೈಪಿಡಿಯ ಚಿತ್ರದಲ್ಲಿ ಬಾಣದ ಗುರುತು ಹಾಕಿ ತೋರಿಸಿದ್ದಾರೆ. ಉಗುರುಗಳೇ ಇಲ್ಲದ ಒಂದು ಬಿಳಿಯ ಕೈ ಎರಡೇ ಬೆರಳಲ್ಲಿ ಪಿನ್ನು ಹಿಡಿದು, ಬೆಣ್ಣೆಯೊಳಗಿನ ಕೂದಲು ತೆಗೆಯುವಷ್ಟು ಸಲೀಸಾಗಿ ಅದನ್ನು ತಳ್ಳುತ್ತಿದೆ. ಅವಳು ಹಾಲಿನ ನೆಲದ ಮೇಲೆ ಮೊಣಕಾಲೂರಿ, ಕೆನ್ನೆಯನ್ನು ಸೈಕಲ್ಲಿನ ಹಿಂದಿನ ಚಕ್ರದ ಕಡ್ಡಿಗಳಿಗೆ ತಾಗಿಸಿಕೊಂಡು ಮೂರನೆಯ ಸಲ ತಳ್ಳಿದಳು. ಪಿನ್ನು ಜಾರಿ ಹೆಬ್ಬೆರಳಿಗೆ ಚುಚ್ಚಿತು. "ಥೂ ಇದರ!" ಎಂದು ಜೋರಾಗಿಯೇ ಅಂದುಬಿಟ್ಟಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಯಾರಿಗೆ ಬೆಳಬೆಳಗ್ಗೆ ಮಂಗಳಾರತಿ?" ಎಂದರು ಅತ್ತೆ. "ಸೈಕಲ್ಲಿಗೆ." "ಮಾಡು, ಮಾಡು. ಅದಕ್ಕೂ ಕಿವಿ ಇಲ್ಲ, ಈ ಮನೇಲಿ ಯಾರಿಗೂ ಇಲ್ಲ. ಆಗಿಂದ ಕೂಗ್ತಿದ್ದೀನಿ, ಟೀ ಆರಿ ತಣ್ಣಗಾಯ್ತು."

ಮೈದುನ ನಾಲ್ಕು ಗಂಟೆಗೆ ಬರುತ್ತಾನೆ. ಸೈಕಲ್ಲು ಒಯ್ಯುವುದಕ್ಕೆ. ಇದು ಅತ್ತೆಯ ಏರ್ಪಾಡು; ಸುಮ್ಮನೆ ನಿಂತು ತುಕ್ಕು ಹಿಡಿಯುವ ಬದಲು ತಮ್ಮನಾದರೂ ಓಡಿಸಲಿ ಎಂದು ಹೋದ ವಾರ ಫೋನಿನಲ್ಲಿ ಹೇಳಿ ಮುಗಿಸಿದ ಮೇಲೆ, "ಅಲ್ವೇನೇ?" ಎಂದು ಇವಳನ್ನು ಕೇಳಿದ್ದರು. ಅವಳು ಹೂಂ ಎಂದಿದ್ದಳು. ಎಂಟು ತಿಂಗಳಿಂದ ಎಲ್ಲದಕ್ಕೂ ಹೂಂ ಎಂದೇ ಕಳೆದಿದ್ದಾಳೆ, ಅದರಲ್ಲಿ ಇದೂ ಒಂದು. ಆದರೆ ಆಮೇಲೆ ನೆನಪಾಗಿದ್ದು ಚೈನು. ಹಿಂದಿನ ಚಕ್ರದ ನಡುವೆ ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಹನ್ನೆರಡು ಹಲ್ಲುಚಕ್ರಗಳಿವೆ. ಹೊರಗಿನದು ಎಲ್ಲಕ್ಕಿಂತ ಚಿಕ್ಕದು, ಒಳಗೆ ಕಡ್ಡಿಗಳಿಗೆ ಅಂಟಿಕೊಂಡಿರುವುದು ಎಲ್ಲಕ್ಕಿಂತ ದೊಡ್ಡದು. ಚೈನು ಆ ದೊಡ್ಡದರ ಮೇಲೆ ಕೂತಿದೆ. ಗಂಡ ರಸ್ತೆಯ ಪಕ್ಕ ಬಿದ್ದು ತೀರಿಕೊಂಡ ದಿನ ಅಲ್ಲಿ ಕೂತಿದ್ದು ಹಾಗೇ ಕೂತಿದೆ. ಕೈಯಿಂದ ಎತ್ತಿ ಪಕ್ಕದ ಚಕ್ರಕ್ಕೆ ಹಾಕಿದರೆ ಪೆಡಲ್ಲು ಎರಡು ಸುತ್ತು ಸುತ್ತುವಷ್ಟರಲ್ಲಿ ಟಕಟಕ ಸದ್ದು ಮಾಡುತ್ತ, ಹಳೇ ಚಟದ ಹಾಗೆ, ಮತ್ತೆ ಅಲ್ಲಿಗೇ ಹತ್ತುತ್ತದೆ. ಅದನ್ನು ಕದಲಿಸಬೇಕಾದರೆ ಹಿಂದಿರುವ ಸಣ್ಣ ತೋಳು ಸರಿಯಬೇಕು. ತೋಳು ಸರಿಯಬೇಕಾದರೆ ಅದರ ಮೋಟಾರಿಗೆ ಕರೆಂಟು ಬೇಕು. ಕರೆಂಟಿಗೆ ಈ ಪಿನ್ನು ಈ ತೂತಿನೊಳಗೆ ಹೋಗಬೇಕು. ನಾಲ್ಕು ಗಂಟೆಯೊಳಗೆ. ಸೈಕಲ್ಲು ಬಲ್ಲವನೊಬ್ಬ ಎರಡನೆಯ ಸಲ ಬಗ್ಗಿ ನೋಡುವುದರೊಳಗೆ.

ಮೊದಲನೆಯ ಸಲ ಅವನು ನೋಡಿದ್ದನ್ನು ಅವಳು ನೋಡಿದ್ದಳು. ಆಸ್ಪತ್ರೆಯಿಂದ ಎಲ್ಲರೂ ಮನೆಗೆ ಬಂದು, ಯಾರು ಎಲ್ಲಿ ಕೂರಬೇಕೆಂದು ಗೊತ್ತಾಗದೆ ನಿಂತಿದ್ದಾಗ, ಮೈದುನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿ ಗೋಡೆಗೆ ಒರಗಿಸಿದ್ದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಚೈನಿನ ಮೇಲೆ ಬೆರಳಿಟ್ಟ. ಒಂದು ನಿಮಿಷವಾದರೂ ಇಟ್ಟಿರಬೇಕು. ತಲೆಯೆತ್ತಿ ಅವಳ ಕಡೆ ನೋಡಿದ. ಬೆರಳಿನ ಮಸಿಯನ್ನು ಅಂಗೈಗೆ ಒರೆಸಿಕೊಂಡು ಎದ್ದ. ಅಂದಿನಿಂದ ಫೋನಿನಲ್ಲಿ "ಅಮ್ಮ ಇದ್ದಾರಾ ಅತ್ತಿಗೆ?" ಎನ್ನುವುದರಾಚೆ ಅವರ ಮಾತು ಬೆಳೆದಿಲ್ಲ. ಅವನಿಗೆ ಗೊತ್ತಾಗಿದೆ. ಗೊತ್ತಾಗಿಯೂ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದಾನೆ. ಅವಳಿಗೆ ಸಿಟ್ಟು ಬರುವುದು ಅದಕ್ಕೇ. ಬೈದಿದ್ದರೆ ಬೈಸಿಕೊಂಡು ಮುಗಿಸಬಹುದಿತ್ತು.

ಇಸ್ತ್ರಿಪೆಟ್ಟಿಗೆ. ಎಲ್ಲ ಒಂದು ಇಸ್ತ್ರಿಪೆಟ್ಟಿಗೆಯಿಂದ. ಹಾಲಿನಲ್ಲಿ ಇರುವುದು ಒಂದೇ ಪ್ಲಗ್ಗು, ಇನ್ನೊಂದು ಹಾಕಿಸೋಣ ಎಂದು ಮೂರು ವರ್ಷ ಅಂದುಕೊಂಡಿದ್ದೇ ಬಂತು. ಗಂಡ ಬೀಳುವ ಹಿಂದಿನ ದಿನ ಸಂಜೆ ಸೈಕಲ್ಲಿನ ದೀಪ ಕೆಂಪಗೆ ಮಿನುಗಿ, ಅವನು ಚಾರ್ಜಿಗೆ ಹಾಕಿ, "ಇದನ್ನ ಕೀಳಬೇಡ ಮಾರಾಯ್ತಿ, ನಾಳೆ ಗುಡ್ಡದ ರಸ್ತೆ" ಎಂದಿದ್ದ. ಒಂದು ಗಂಟೆ ಕಳೆದಿತ್ತು. ಅವಳಿಗೆ ಮರುದಿನ ಗ್ರಂಥಾಲಯದಲ್ಲಿ ತಪಾಸಣೆಗೆ ಬರುವವರ ಮುಂದೆ ನಿಲ್ಲಬೇಕಾಗಿತ್ತು, ಬಟ್ಟೆ ಮುದುಡಿತ್ತು. ಕಿತ್ತಳು. ಇಸ್ತ್ರಿ ಮಾಡಿದಳು. ಮತ್ತೆ ಸಿಕ್ಕಿಸುವುದನ್ನು ಮರೆತಳು. ಬೆಳಗ್ಗೆ ಎದ್ದಾಗ ಅವನು ಹೊರಟುಹೋಗಿದ್ದ, ವಯರು ಸತ್ತ ಹಾವಿನ ಹಾಗೆ ನೆಲದ ಮೇಲೆ ಬಿದ್ದಿತ್ತು. ಅಯ್ಯೋ, ಬಂದ ಮೇಲೆ ಸಹಸ್ರನಾಮ ಶುರುಮಾಡುತ್ತಾನೆ ಎಂದುಕೊಂಡು, ಬೈಸಿಕೊಳ್ಳುವ ಮೊದಲೇ ಮುಖ ಗಂಟಿಕ್ಕಿಕೊಂಡು, ತಲೆ ಬಾಚಿಕೊಂಡಿದ್ದಳು. ಅದಕ್ಕೆ ಎರಡು ತಿಂಗಳ ಹಿಂದೆ ಒಮ್ಮೆ ಹಾಗೇ ಆಗಿತ್ತು. ಚಾರ್ಜು ಮುಗಿದು, ಭಾರದ ಗೇರಿನಲ್ಲೇ ಸಿಕ್ಕಿಬಿದ್ದು, ಇಡೀ ಏರನ್ನು ಅದರಲ್ಲೇ ತುಳಿದು ಬಂದು, ಬಾಗಿಲಲ್ಲೇ ಕುಸಿದು ಕೂತು, "ಎದೆ ಒಡೆದುಹೋಗೋ ಹಾಗಾಯ್ತು ಕಣೇ" ಎಂದಿದ್ದ. ನಗುತ್ತ ಅಂದಿದ್ದ. ಡಾಕ್ಟರು ಏನೋ ಹೇಳಿದರು, ಹೃದಯದ ತೊಂದರೆ ಮೊದಲಿಂದಲೇ ಇದ್ದಿರಬೇಕು, ಮೆಟ್ಟಿಲು ಹತ್ತುವಾಗಲೂ ಆಗಬಹುದಿತ್ತು ಎಂದು. ಡಾಕ್ಟರು ಚೈನು ನೋಡಿರಲಿಲ್ಲ.

ಪಿನ್ನು ಹೋಯಿತು. ತೂತಿನ ಮೇಲೆ ಕಪ್ಪು ರಬ್ಬರಿನ ಮುಚ್ಚಳವಿತ್ತು, ಅದನ್ನು ತೆಗೆಯದೆ ಮೂರು ಸಲ ಅದರ ಮೇಲೇ ತಿವಿದಿದ್ದಳು. ಚಿತ್ರದ ಬೋಳುಗೈಗೆ ಮುಚ್ಚಳವೇ ಇರಲಿಲ್ಲ. ದೀಪ ಹತ್ತಿತು. ಒಂದು ಗಳಿಗೆ ಎದೆ ಹಗುರಾಗಿ, ಎದ್ದು ಹ್ಯಾಂಡಲ್ಲಿನ ಬಲಗಡೆಯ ಲಿವರಿನ ಗುಂಡಿ ಒತ್ತಿದಳು. ಏನೂ ಇಲ್ಲ. ಎಡಗಡೆಯದನ್ನು ಒತ್ತಿದಳು. ಕಲ್ಲಿನ ಮುಂದೆ ಹಾಡಿದ ಹಾಗೆ. ಮತ್ತೆ ಕೈಪಿಡಿ. ಅವಳ ಕೆಲಸವೇ ಪುಸ್ತಕಗಳಿಗೆ ಸೂಚಿ ಬರೆಯುವುದು. ಯಾವ ಪುಸ್ತಕದಲ್ಲಿ ಯಾವುದು ಎಲ್ಲಿದೆ ಎಂದು ಜನಕ್ಕೆ ಹೇಳಿ ಹೊಟ್ಟೆ ಹೊರೆಯುವವಳು, ಇಪ್ಪತ್ತು ಪುಟದ ಈ ದರಿದ್ರ ಪುಸ್ತಿಕೆಯಲ್ಲಿ 'ಲಿವರ್ ಕೆಲಸ ಮಾಡದಿದ್ದರೆ' ಎಂಬುದನ್ನು ಹುಡುಕಲು ಕಾಲು ಗಂಟೆ ತೆಗೆದುಕೊಂಡಳು. ಲಿವರುಗಳಿಗೆ ವಯರಿಲ್ಲ, ಅವುಗಳೊಳಗೆ ಬೇರೆಯೇ ಸೆಲ್ಲುಗಳಿವೆ, ನಾಣ್ಯದಂಥವು, ಅವೂ ಸಾಯುತ್ತವೆ. ಚಾರ್ಜಿಗೆ ಹಾಕಿದ್ದನ್ನು ಹಾಗೇ ಬಿಟ್ಟು, "ಪ್ಲಗ್ ಮುಟ್ಟಬೇಡಿ ಅತ್ತೆ" ಎಂದು ಎರಡು ಸಲ ಹೇಳಿ, ಹನ್ನೊಂದು ಗಂಟೆಗೆ ಹೊರಟಳು.

ಸೈಕಲ್ ಅಂಗಡಿಯವನು ಒಂದು ಚಕ್ರವನ್ನು ಎದೆಗೆ ಆನಿಸಿಕೊಂಡು ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡುತ್ತಿದ್ದ. ತಲೆ ಎತ್ತದೆ, "ಏನು ಮೇಡಂ, ಮಕ್ಕಳ ಸೈಕಲ್ಲಾ?" ಎಂದ. ಅವಳು ಹೇಳಿದಳು. ಈಗ ತಲೆ ಎತ್ತಿದ. "ಎಲೆಕ್ಟ್ರಾನಿಕ್ ಗೇರಾ? ಅದಕ್ಕೆಲ್ಲ ಕೈ ಹಾಕಬೇಡಿ ಮೇಡಂ. ಸೂಜಿ ಹೋಗೋ ಕಡೆ ದಬ್ಬಳ ತೂರಿಸಿದ್ರೆ ಆಮೇಲೆ ನನ್ನ ಹತ್ರಾನೇ ತರ್ತೀರ. ಯಜಮಾನ್ರನ್ನ ಕಳಿಸಿ, ನಾನು ಹೇಳಿಕೊಡ್ತೀನಿ." ಅವಳು ಗೋಡೆಗೆ ನೇತುಹಾಕಿದ್ದ ಟೈರುಗಳನ್ನು ನೋಡಿದಳು. "ಅವರು ಊರಲ್ಲಿಲ್ಲ" ಎಂದಳು. "ಯಾವಾಗ ಬರ್ತಾರೆ?" ಅವಳಿಗೆ ಈ ಮನುಷ್ಯನ ಮೇಲೆ, ಅವನ ಎಣ್ಣೆಗೈಯ ಮೇಲೆ, ಅವನು ಉತ್ತರಕ್ಕಾಗಿ ನಿಜಕ್ಕೂ ಕಾಯುತ್ತಿದ್ದಾನೆ ಎಂಬುದರ ಮೇಲೆ ಎಲ್ಲಿಲ್ಲದ ರೇಗು ಬಂತು. "ಹೇಳಿಲ್ಲ." "ಗಂಡಸ್ರು ಎಲ್ಲಿ ಹೇಳ್ತಾರೆ ಬಿಡಿ" ಎಂದು ಅವನು ನಕ್ಕು, ಎರಡು ಸೆಲ್ಲು ತೆಗೆದುಕೊಟ್ಟ. "ಲಿವರಿನ ಮೇಲಿನ ರಬ್ಬರ್ ಮಡಚಿದ್ರೆ ಮುಚ್ಚಳ ಕಾಣುತ್ತೆ. ಅದಕ್ಕೆ ಎರಡೆರಡು ಸ್ಕ್ರೂ. ಸಾಸಿವೆ ಕಾಳಿನಷ್ಟಿರುತ್ತೆ, ಜೋಪಾನ. ಯಜಮಾನ್ರು ಬಂದ ಮೇಲೆ ಒಂದ್ಸಲ ಕರ್ಕೊಂಡು ಬನ್ನಿ, ಆ ಗಾಡಿ ಇಟ್ಟಿರೋರು ಈ ಕಡೆ ಕಮ್ಮಿ, ನೋಡ್ಬೇಕು." "ಹೇಳ್ತೀನಿ" ಎಂದಳು. ಬೀದಿಯುದ್ದಕ್ಕೂ ಆ ಮಾತು ಬಾಯಲ್ಲಿ ಉಳಿದಿತ್ತು. ಹೇಳ್ತೀನಿ. ಸುಳ್ಳು ಇಷ್ಟು ಸಲೀಸು ಎಂದು ಗೊತ್ತಿದ್ದರೆ ಎಂಟು ತಿಂಗಳು ಎಲ್ಲರಿಗೂ ಇದನ್ನೇ ಹೇಳಬಹುದಿತ್ತು, ಬ್ಯಾಂಕಿನವರಿಗೆ, ಹಾಲಿನವನಿಗೆ, ಊರಲ್ಲಿಲ್ಲ, ಯಾವಾಗ ಬರುತ್ತಾರೋ ಹೇಳಿಲ್ಲ.

ಆ ಗೇರು ಕೂರಿಸಿದ್ದೂ ಇಂಥದೇ ಒಂದು ಶನಿವಾರ. ಅಣ್ಣತಮ್ಮ ಇಬ್ಬರೂ ಬೆಳಗ್ಗೆಯಿಂದ ಹಾಲಿನಲ್ಲಿ ಹಳೆಯ ಚಾದರ ಹಾಸಿಕೊಂಡು, ಹ್ಯಾಂಡಲ್ಲಿನ ಪಟ್ಟಿಯನ್ನೆಲ್ಲ ಬಿಚ್ಚಿ, ಹಳೆಯ ತಂತಿಗಳನ್ನು ಎಳೆದು ಬಿಸಾಕಿ, ಬ್ಯಾಟರಿಯ ವಯರನ್ನು ಸೀಟಿನ ಕೊಳವೆಯೊಳಗಿಂದ ಹಿಂದಿನ ತೋಳಿಗೆ ದಾಟಿಸಲು ಮಧ್ಯಾಹ್ನದವರೆಗೆ ಹೆಣಗಿದ್ದರು. ವಯರು ಕೊಳವೆಯೊಳಗೆ ಎಲ್ಲೋ ಸುರುಳಿ ಸುತ್ತಿಕೊಂಡು ಹೊರಗೆ ಬರಲಿಲ್ಲ. "ನಿಧಾನ ಎಳಿಯೋ ಕತ್ತೆ." "ನೀನು ತಳ್ಳೋ ಅಂದ್ರೆ ತಳ್ಳಲ್ಲ." ಕೊನೆಗೆ ವಯರಿನ ತುದಿಗೆ ದಾರ ಕಟ್ಟಿ, ದಾರದ ತುದಿಗೆ ಸೂಜಿ ಸಿಕ್ಕಿಸಿ, ಹೊರಗಿನಿಂದ ಅಯಸ್ಕಾಂತ ಹಿಡಿದು, ಅವಳ ಕೈಗೆ ಟಾರ್ಚು ಕೊಟ್ಟು ನಿಲ್ಲಿಸಿದ್ದರು. ಟಾರ್ಚು ಹಿಡಿದು ನಿಂತವಳ ಕಣ್ಣು ಇದ್ದದ್ದು ಟವೆಲ್ಲಿನ ಮೇಲೆ. ಒಳ್ಳೆಯ ಟವೆಲ್ಲು, ತವರಿಂದ ತಂದಿದ್ದು, ಅದರಲ್ಲಿ ಚೈನಿನ ಮಸಿ ಒರೆಸಿಟ್ಟಿದ್ದರು. ಎಲ್ಲ ಮುಗಿದ ಮೇಲೆ ಗಂಡ ಅವಳನ್ನು ಕರೆದು ಕೂರಿಸಿಕೊಂಡು, ಪೆಡಲ್ಲು ತಿರುಗಿಸುತ್ತ, ಗುಂಡಿ ಒತ್ತುತ್ತ, ನೋಡು ಇದು ಹೀಗೆ, ನೋಡು ಇದು ಹೀಗೆ ಎಂದು ವಿವರಿಸಿದ್ದ. ಪೆಡಲ್ಲಿನ ಪಕ್ಕದ ಚಕ್ರ ತೋರಿಸಿ, ಮುಂದೆ ದೊಡ್ಡದು ಅಂದರೆ ಭಾರ ಎಂದು ಏನೋ ಶುರುಮಾಡಿದ. ಅವಳು ಹೂಂ ಎಂದಳು, ಹೂಂ, ಹೂಂ. ಸೋಪಿನಲ್ಲಿ ಹೋಗುತ್ತದೋ ಸೀಮೆಎಣ್ಣೆಯೇ ಬೇಕೋ ಎಂದು ಯೋಚಿಸುತ್ತಿದ್ದಳು. ದೊಡ್ಡದು ಅಂದರೆ ಭಾರ. ಅಷ್ಟು ತಲೆಯಲ್ಲಿ ಉಳಿಯಿತು. ಅಷ್ಟು ಯಾರೂ ಹೇಳದಿದ್ದರೂ ಗೊತ್ತಾಗುವ ಮಾತು, ದೊಡ್ಡದು ಇನ್ನೇನು ಹಗುರ ಇರುತ್ತದೆಯೇ?

ಮನೆಗೆ ಬಂದಾಗ ಹನ್ನೆರಡೂವರೆ. ಚಾರ್ಜಿನ ದೀಪ ಆರಿಹೋಗಿತ್ತು. "ಮುಟ್ಟಬೇಡಿ ಅಂದಿದ್ದೆ ಅಲ್ವಾ ಅತ್ತೆ!" ಅವಳ ಧ್ವನಿ ಅವಳಿಗೇ ಹೊಸದಾಗಿತ್ತು. "ನಾನ್ಯಾಕೆ ಮುಟ್ಟಲಿ? ಅದೇ ಹತ್ತಿತು, ಅದೇ ಆರಿತು. ಕೆಂಡ ನುಂಗಿದೋಳ ಹಾಗೆ ಬಂದು ನನ್ನ ಮೇಲೆ ಹಾರ್ತೀಯಲ್ಲ" ಎಂದರು ಅತ್ತೆ, ಆದರೆ ಮುಖದಲ್ಲಿ ಸಿಟ್ಟಿಗಿಂತ ಒಂದು ಬಗೆಯ ಕುತೂಹಲವಿತ್ತು, ಎಂಟು ತಿಂಗಳಲ್ಲಿ ಸೊಸೆ ದನಿ ಎತ್ತಿದ್ದು ಇದೇ ಮೊದಲು. ತೋಳಿನ ಬದಿಯ ಗುಂಡಿ ಒತ್ತಿದರೆ ಹಸಿರು ಹತ್ತಿತು. ತುಂಬಿದೆ ಎಂದರ್ಥ. ಅವಳು ಲಿವರಿನ ರಬ್ಬರು ಮಡಚಿ ಕೂತಳು. ಮೂರು ಸ್ಕ್ರೂಗಳು ಮಾತು ಕೇಳಿದವು. ನಾಲ್ಕನೆಯದು ಬೆರಳಿನಿಂದ ಹಾರಿ, ನೆಲಕ್ಕೆ ತಾಗಿದ ಸದ್ದು ಮಾಡಿ, ಮಾಯವಾಯಿತು. ಚಾಪೆ ಎತ್ತಿದಳು. ಸೋಫಾ ಸರಿಸಿದಳು. ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕಿಟ್ಟು, ಧೂಳಿನ ಎತ್ತರದಿಂದ ಮನೆಯನ್ನು ನೋಡಿದಳು. ಸೋಫಾದ ಕೆಳಗೆ ಅವನ ಒಂದು ಕಾಲುಚೀಲ ಇತ್ತು. ಅದನ್ನು ಅಲ್ಲೇ ಬಿಟ್ಟಳು. "ಏನೇ ಹುಡುಕ್ತಿದ್ದೀಯ?" "ಸ್ಕ್ರೂ." "ಯಾವ ಗಾತ್ರ?" "ಸಾಸಿವೆ." ಅತ್ತೆ ಒಳಗೆ ಹೋಗಿ ಪೊರಕೆ ತಂದು, ನೆಲವನ್ನೆಲ್ಲ ಒಂದೇ ಕಡೆಗೆ ಗುಡಿಸಿ, ಮೊರಕ್ಕೆ ಎತ್ತಿ, ಬೆಳಕಿಗೆ ಹಿಡಿದು, ಕಲ್ಲು ಆರಿಸುವಂತೆ ಆರಿಸಿ, ಅಂಗೈಯಲ್ಲಿಟ್ಟು ಕೊಟ್ಟರು. "ಇಷ್ಟಕ್ಕೆ ಪದವಿ ಯಾಕೆ ಬೇಕು?"

ಸೆಲ್ಲು ಹಾಕಿದ್ದಾಯಿತು, ಮುಚ್ಚಳ ಬಿಗಿದದ್ದಾಯಿತು. ಒತ್ತಿದಳು. ಲಿವರಿನಲ್ಲಿ ದೀಪ ಮಿನುಗಿತು, ತೋಳು ಮಾತ್ರ ಮಿಸುಕಲಿಲ್ಲ. ಎರಡು ಗಂಟೆ. ಪುಸ್ತಿಕೆಯ ಹದಿನೇಳನೆಯ ಪುಟದಲ್ಲಿ, ಎಚ್ಚರಿಕೆಗಳ ನಡುವೆ ಅದು ಸಿಕ್ಕಿತು. ಸೈಕಲ್ಲು ಬಲವಾಗಿ ಬಿದ್ದಾಗ, ತೋಳು ಮುರಿಯದಂತೆ ಮೋಟಾರು ತನ್ನ ಹಿಡಿತವನ್ನು ತಾನೇ ಬಿಟ್ಟುಬಿಡುತ್ತದೆ. ಆಮೇಲೆ ಯಾವ ಗುಂಡಿ ಒತ್ತಿದರೂ ಅದು ಕದಲುವುದಿಲ್ಲ. ಮತ್ತೆ ಹಿಡಿತ ಬರಬೇಕಾದರೆ ಬದಿಯ ಗುಂಡಿಯನ್ನು ದೀಪ ಬದಲಾಗುವವರೆಗೆ ಒತ್ತಿ ಹಿಡಿದು, ಪೆಡಲ್ಲು ತಿರುಗಿಸಬೇಕು. ಅವಳು ಅದನ್ನು ಎರಡು ಸಲ ಓದಿದಳು. ಎಷ್ಟು ಹೊತ್ತು ಎಂದು ಬರೆದಿರಲಿಲ್ಲ. ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡಿಗೆ ಸೈಕಲ್ಲನ್ನು ಸಿಕ್ಕಿಸಿ, ಒಂದು ಕೈ ಗುಂಡಿಗೆ, ಒಂದು ಕೈ ಲಿವರಿಗೆ ಇಟ್ಟ ಮೇಲೆ ಪೆಡಲ್ಲಿಗೆ ಕೈ ಉಳಿಯಲಿಲ್ಲ. "ಅತ್ತೆ, ಸ್ವಲ್ಪ ಬನ್ನಿ. ಇದನ್ನ ಹೀಗೆ ತಿರುಗಿಸಿ." "ಈ ವಯಸ್ಸಲ್ಲಿ ನನ್ನ ಕೈಲಿ ಸೈಕಲ್ ತುಳಿಸ್ತೀಯಾ?" "ಕೈಯಲ್ಲಿ ತಿರುಗಿಸಿ ಅಂದೆ, ತುಳೀರಿ ಅನ್ನಲಿಲ್ಲ." ಅತ್ತೆ ಸೆರಗು ಸಿಕ್ಕಿಸಿ, ಮಣೆ ಎಳೆದುಕೊಂಡು ಕೂತು, ಬೀಸುಕಲ್ಲಿನ ಗೂಟ ಹಿಡಿದವರ ಹಾಗೆ ಪೆಡಲ್ಲು ಹಿಡಿದು ತಿರುಗಿಸತೊಡಗಿದರು. ದೀಪ ಬದಲಾಯಿತು. ಅವಳು ಲಿವರು ಒತ್ತಿದಳು. ಝಿಕ್. ನೊಣ ಹಾರಿದಷ್ಟೇ ಸದ್ದು. ಚೈನು ಕೊನೆಯ ದೊಡ್ಡ ಚಕ್ರದಿಂದ ಇಳಿದು ಪಕ್ಕದ್ದಕ್ಕೆ ಕೂತಿತು. "ಇದೇನಾ?" ಎಂದರು ಅತ್ತೆ, ತಿರುಗಿಸುವುದನ್ನು ನಿಲ್ಲಿಸದೆ. "ಇದಕ್ಕಾ ಅವನು ಅಷ್ಟೆಲ್ಲ ಕುಣೀತಿದ್ದದ್ದು?" ಇಬ್ಬರೂ ಸ್ವಲ್ಪ ಹೊತ್ತು ಆ ಚೈನನ್ನೇ ನೋಡಿದರು. "ಇನ್ನೊಂದ್ಸಲ ಒತ್ತು" ಎಂದರು ಅತ್ತೆ.

ಇನ್ನೊಂದು ಸಲ ಒತ್ತಿದಳು, ಇನ್ನೂ ಒಂದು ಸಲ. ಹೊಸ ಹುರುಪಿನಲ್ಲಿ ಬೆರಳು ತೆಗೆಯದೆ ಒತ್ತಿ ಹಿಡಿದಾಗ ಚೈನು ದಡದಡನೆ ಇಳಿದು, ಕೊನೆಯ ಚಿಕ್ಕ ಚಕ್ರವನ್ನೂ ದಾಟಿ, ಚೌಕಟ್ಟಿಗೂ ಚಕ್ರಕ್ಕೂ ನಡುವಿನ ಸಂದಿಯಲ್ಲಿ ಕಚ್ಚಿಕೊಂಡು ಕೂತಿತು. ಪೆಡಲ್ಲು ಅತ್ತೆಯ ಕೈಯಲ್ಲಿ ಗಕ್ಕನೆ ನಿಂತಿತು. "ನಾನೇನೂ ಮಾಡಿಲ್ಲ" ಎಂದು ಎದ್ದೇಬಿಟ್ಟರು. ಅದನ್ನು ಎಳೆದು ಬಿಡಿಸಲು ಅರ್ಧ ಗಂಟೆ, ತೋಳು ಆ ಗೆರೆ ದಾಟದಂತೆ ತಡೆಯುವ ಸ್ಕ್ರೂ ಯಾವುದೆಂದು ಹುಡುಕಲು ಇನ್ನೊಂದು ಕಾಲು ಗಂಟೆ, ಅದನ್ನು ಕಾಲು ಸುತ್ತು ಬಿಗಿದು ನೋಡಿ ಮತ್ತೆ ಕಾಲು ಸುತ್ತು. ಮೊಣಕೈವರೆಗೆ ಮಸಿ. ಯಾವ ಸೀಮೆಯ ಜಂಜಾಟವಿದು, ಗೇರು ಬದಲಿಸಲು ತಂತಿ ಸಾಕಿತ್ತು, ನೂರು ವರ್ಷ ಎಲ್ಲರೂ ತಂತಿಯಲ್ಲೇ ಬದಲಿಸಿದ್ದರು, ತಂತಿಗೆ ಚಾರ್ಜು ಬೇಕಿರಲಿಲ್ಲ, ತಂತಿಯಾಗಿದ್ದರೆ ಪ್ಲಗ್ಗು ಕಿತ್ತ ತಪ್ಪು ಯಾರದೂ ಆಗುತ್ತಿರಲಿಲ್ಲ. ಕೊನೆಗೆ ಚೈನನ್ನು ಆರನೆಯ ಚಕ್ರದ ಮೇಲೆ ತಂದು ನಿಲ್ಲಿಸಿದಳು. ನಟ್ಟನಡುವೆ. ಅತ್ತಲೂ ಅಲ್ಲ ಇತ್ತಲೂ ಅಲ್ಲ, ಯಾರು ಬಗ್ಗಿ ನೋಡಿದರೂ ಏನನ್ನೂ ಹೇಳದ ಜಾಗ. ಟವೆಲ್ಲು ಹುಡುಕಿದರೆ ಸಿಕ್ಕಿದ್ದು ಅದೇ, ಕಲೆ ಹೋಗದೆ ಉಳಿದಿದ್ದ ಟವೆಲ್ಲು. ಅದರಲ್ಲೇ ಒರೆಸಿಕೊಂಡಳು.

ಮೈದುನ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಂದ. ತಾಯಿಗೆ ತೆಳ್ಳಗಾಗಿದ್ದಾನೆ ಎನಿಸಿತು, ಅವನಿಗೆ ತಾಯಿ ತೆಳ್ಳಗಾಗಿದ್ದಾಳೆ ಎನಿಸಿತು. ಅದು ಮುಗಿದ ಮೇಲೆ ಹಾಲಿಗೆ ಬಂದು, ಹೋದ ಸಲದ ಹಾಗೇ, ಅದೇ ಕಡೆ, ಕುಕ್ಕರುಗಾಲಲ್ಲಿ ಕೂತ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಉಗುರಲ್ಲಿ ಇನ್ನೂ ಮಸಿ ಇತ್ತು.

"ಗೇರ್ ಬದಲಾಗಿದೆಯಲ್ಲ ಅತ್ತಿಗೆ."

"ಚಾರ್ಜ್ ಹಾಕಿದೆ. ಸೆಲ್ಲು ಹಾಕಿದೆ. ನಡೀತಿದೆಯಾ ಅಂತ ನೋಡಿದೆ ಅಷ್ಟೇ."

"ನೀವೇ?" ಅವನು ತಲೆದೂಗಿದ. ಚೈನಿನ ಮೇಲೆ ಬೆರಳಿಟ್ಟ. "ಅವತ್ತು ಕೊನೇದರಲ್ಲಿತ್ತು. ದೊಡ್ಡದರಲ್ಲಿ. ನಾನು ನೋಡಿದ್ದೆ."

ಬಂತು. ಎಂಟು ತಿಂಗಳು ಕಾದದ್ದು ಬಂದೇಬಿಟ್ಟಿತು. ಒಂದು ರೀತಿಯಲ್ಲಿ ಅವಳಿಗೆ ಸಮಾಧಾನವೇ ಆಯಿತು. "ನೋಡಿದ್ದು ಗೊತ್ತು. ಹೇಳಲಿಲ್ಲ ನೀನು."

"ಏನಂತ ಹೇಳಲಿ? ನಿಮಗೆ ಇನ್ನೂ ಸಂಕಟ." ಅವನ ದನಿ ಒರಟಾಯಿತು. "ಅಷ್ಟು ಹಗುರ ಗೇರಿಗೆ ಅವನು ಯಾವತ್ತಾದ್ರೂ ಬಂದವನಾ? ನಾನು ಹಾಕಿದ್ರೆ ಮುದುಕರ ಗೇರು ಅಂತ ಇಡೀ ದಾರಿ ಆಡಿಕೊಳ್ತಿದ್ದ. ಅವತ್ತು ತಾನೇ ಹಾಕ್ಕೊಂಡಿದ್ದಾನೆ ಅಂದ್ರೆ ಆಗಲೇ ಏನೋ ಗೊತ್ತಾಗಿದೆ ಅವನಿಗೆ. ಇಳಿದು ಒಂದು ಕಡೆ ಕೂರೋಕೆ ಏನು ಧಾಡಿ? ಮೊಂಡ. ಮೊಂಡಮೊಂಡ."

"ಹಗುರ?" ಎಂದಳು ಅವಳು.

"ಹೂಂ, ತುಳಿಯೋಕೆ ಎಲ್ಲಕ್ಕಿಂತ ಹಗುರ."

"ದೊಡ್ಡದು."

"ಹಿಂದೆ ದೊಡ್ಡದು ಅಂದ್ರೆ ಹಗುರ ಅತ್ತಿಗೆ."

ಮಾತು ಹೊರಬಿದ್ದ ಮೇಲೆ ತಾನೇ ಆಡಿದ್ದೆಂದು ಅವಳಿಗೆ ತಿಳಿಯಿತು. "ಚಾರ್ಜ್ ಇರಲಿಲ್ಲ. ನಾನು ಕಿತ್ತಿದ್ದೆ. ಇಸ್ತ್ರಿ ಮಾಡೋಕೆ. ಒಂದೇ ಗಂಟೆ ಆಗಿತ್ತು." ಒಳಗಿನ ಕೋಣೆಯಲ್ಲಿ ಅತ್ತೆಯ ಸದ್ದು ನಿಂತಿತು.

ಮೈದುನ ಅವಳನ್ನು ನೋಡಿದ ಬಗೆಯಲ್ಲಿ ಕ್ಷಮೆಯೂ ಇರಲಿಲ್ಲ, ಆರೋಪವೂ ಇರಲಿಲ್ಲ, ಲೆಕ್ಕ ತಪ್ಪಿದವರನ್ನು ನೋಡುವ ಒಂದು ಸಾಧಾರಣ ಗೊಂದಲವಿತ್ತು. "ಒಂದು ಗಂಟೆ ಧಾರಾಳ ಆಯ್ತಲ್ಲ. ಪೂರ್ತಿ ತುಂಬೋಕೇ ಒಂದೂವರೆ. ಒಂದು ಗಂಟೆ ಹಾಕಿದ್ರೆ ತಿಂಗಳು ಓಡುತ್ತೆ. ಚಾರ್ಜ್ ಇಲ್ಲದಿದ್ರೆ ಅಲ್ಲಿಗೆ ಹೋಗ್ತಾನೇ ಇರಲಿಲ್ಲ ಚೈನು. ಅವನು ನಿಮಗೆ ಇದನ್ನೆಲ್ಲ ಹೇಳಿರಲಿಲ್ವಾ?"

ಟಾರ್ಚಿನ ಬೆಳಕು, ಹಳೆಯ ಚಾದರ, ಟವೆಲ್ಲು, ಅವನ ಕೈ ಪೆಡಲ್ಲು ತಿರುಗಿಸುತ್ತಿದೆ, ಅವನ ಬಾಯಿ ಅಲುಗಾಡುತ್ತಿದೆ. ಧ್ವನಿಯಿಲ್ಲ. ಅವಳು ಕಿವಿಗೊಟ್ಟಳು, ಈಗ, ಆ ಶನಿವಾರದೊಳಕ್ಕೆ ಬಗ್ಗಿ ಕಿವಿಗೊಟ್ಟಳು. ಕೇಳಿಸಿದ್ದು ತನ್ನದೇ ಹೂಂ, ಹೂಂ, ಹೂಂ.

"ಹೇಳಿದ್ದ" ಎಂದಳು.

ಮೈದುನ ಎದ್ದು ಸೈಕಲ್ಲನ್ನು ಸ್ಟ್ಯಾಂಡಿನಿಂದ ಬಿಡಿಸಲು ಕೈ ಹಾಕಿದ. "ಇರು" ಎಂದಳು. ಬಂದು, ಅತ್ತೆ ಬಿಟ್ಟುಹೋಗಿದ್ದ ಮಣೆಯ ಮೇಲೆ ಕೂತಳು. ಮೊಣಕಾಲಿನ ಮೇಲೆ ಮಸಿಯ ಕೈಗಳನ್ನಿಟ್ಟುಕೊಂಡಳು. "ಮೊದಲಿಂದ ಹೇಳು."

"ಏನನ್ನ?"

"ಇದನ್ನೇ. ಮುಂದೆ ದೊಡ್ಡದು ಅಂದ್ರೆ. ಹಿಂದೆ ದೊಡ್ಡದು ಅಂದ್ರೆ."

ಅವನು ಬೇಸರದಿಂದಲೇ ಮತ್ತೆ ಕುಕ್ಕರಿಸಿದ, ಸಂಜೆಯೊಳಗೆ ಮನೆ ಮುಟ್ಟಬೇಕಾಗಿತ್ತು. ಪೆಡಲ್ಲು ತಿರುಗಿಸುತ್ತ, ಗುಂಡಿ ಒತ್ತುತ್ತ, ನೋಡಿ ಇದು ಹೀಗೆ, ನೋಡಿ ಇದು ಹೀಗೆ ಎಂದು ಹೇಳತೊಡಗಿದ. ಝಿಕ್. ಝಿಕ್. ಚೈನು ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಯ ದೊಡ್ಡ ಚಕ್ರದ ಮೇಲೆ ಹೋಗಿ ಕೂತಿತು. ಅವಳು ಕಣ್ಣು ಕೀಳದೆ ನೋಡಿದಳು, ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ಹೇಳಿ ಮುಗಿಸಿ ಅವನು, ಹೇಳುವವರೆಲ್ಲ ಕಾಯುವ ಹಾಗೆ, ಅವಳ ಹೂಂಗಾಗಿ ಕಾದ.

ಅದು ಬರಲಿಲ್ಲ.